ಸರಸಂಬಾದ ಹಂಚು

ಹಿಂದಿನ ಮಳೆಗಾಲದಲ್ಲಿ ಹಿಡಿದ ಜಡಿಮಳೆಗೆ ದ್ರೌಪದಿಯ ಮನೆಯ ಹಿಂದಿದ್ದ ದನದ ಕೊಟ್ಟಿಗೆಯ ಮಣ್ಣಿನ ಮಾಳಿಗೆ ಕುಸಿದು ಬಿದ್ದಿತ್ತು. ಆ ಹೊತ್ತಿಗೆ ಎಮ್ಮೆ ಹೊಲದಲ್ಲಿತ್ತು, ಬದುಕಿಕೊಂಡಿತು. ಗೋಡೆಗಳಷ್ಟೇ ನಿಂತವು. ಚಳಿಗಾಲವನ್ನು ಮೇಲೊಂದು ತಾಡಪತ್ರಿ ಕಟ್ಟಿ ಹೇಗೋ ನೂಕಿದರು. ತೊಗರಿ ರಾಶಿ ಮುಗಿದು ಬಿಸಿಲು ಏರತೊಡಗಿದಾಗ ದ್ರೌಪದಿಗೆ ಕಳವಳ ಹತ್ತಿತು. ಎಮ್ಮೆ ಗಬ್ಬವಾಗಿತ್ತು, ಬೇಸಿಗೆಯ ನಡುವೆ ಈಯುವುದಿತ್ತು. ಅವರ ಊರಾದ ಮಟಕಿಯ ಬೇಸಿಗೆ ಬರೀ ಬಿಸಿಲಿಗೆ ಮುಗಿಯುವುದಿಲ್ಲ. ಮಧ್ಯಾಹ್ನವೆಲ್ಲ ಕಾದು ಕಾದು, ಸಂಜೆಗೆ ಪಡುವಣ ದಿಕ್ಕಿನಿಂದ ಕೆಂಪು ಧೂಳು ಎದ್ದಿತೆಂದರೆ ಗಿಡಮರ ನೆಲಕ್ಕೆ ಬಾಗಬೇಕು, ಅಂಥ ಗಾಳಿ ಬೀಸುತ್ತದೆ. ಅಷ್ಟರೊಳಗೆ ಕೊಟ್ಟಿಗೆಗೆ ಒಂದು ಸೂರು ಆಗಬೇಕಿತ್ತು.

ಮೇಲೆ ಏನು ಹೊದಿಸುವುದು ಎಂಬ ಮಾತು ಯುಗಾದಿಗೂ ಮೊದಲೇ ಮನೆಯಲ್ಲಿ ಎದ್ದಿತು. ಊರಿನಲ್ಲಿ ಈಗ ಎಲ್ಲರೂ ಪತ್ರಾ ಹಾಕಿಸುವವರೇ. ಆಳಂದದ ಅಂಗಡಿಯಿಂದ ತಗಡಿನ ಪತ್ರಾ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದರೆ ಬೆಳಗಿನಿಂದ ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಆದರೆ ದ್ರೌಪದಿಗೆ ಪತ್ರಾ ಎಂದರೆ ಆಗುತ್ತಿರಲಿಲ್ಲ. ಅಫಜಲಪುರದ ಕಡೆಯ ತನ್ನ ತವರಿನಲ್ಲಿ ಪತ್ರಾದ ಕೆಳಗೆ ಕಟ್ಟಿದ್ದ ಎಮ್ಮೆಯೊಂದು ನಡುಹಗಲಿನಲ್ಲಿ ನಾಲಿಗೆ ಹೊರಚಾಚಿ, ನೊರೆ ಕಾರಿ ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಂಚು ಹಾಕಿಸೋಣ, ಹೊಟ್ಟೆಯೊಳಗೆ ಕರು ಇಟ್ಟುಕೊಂಡ ಪ್ರಾಣಿಗೆ ನೆರಳು ತಂಪಾಗಿರಬೇಕು ಎಂದಳು.

ಗಂಡ ಅಣ್ಣಾರಾಯ ತಕ್ಷಣ ಒಪ್ಪಿದ. ಯಾವುದನ್ನೇ ಆಗಲಿ ಯೋಚಿಸಿ, ಕಾರಣ ಕೇಳಿ ಒಪ್ಪುವ ಮನುಷ್ಯ ಎಂದು ಅವನಿಗೆ ಊರಿನಲ್ಲಿ ಹೆಸರಿತ್ತು. ಹರೆಯದಲ್ಲಿ ಕಲಬುರಗಿಗೆ ಹೋಗಿ ಬೌದ್ಧ ಧಮ್ಮದ ಶಿಬಿರಗಳಲ್ಲಿ ಕುಳಿತು ಬಂದಾಗಿನಿಂದ ಅವನು ದೆವ್ವ, ಮಾಟ, ಶಕುನ ಎಂದವರನ್ನು ಬಿಟ್ಟವನಲ್ಲ. ಗ್ರಹಣ ಹಿಡಿದಾಗ ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರೆ ಅವನು ನಡುಬೀದಿಯಲ್ಲಿ ನಿಂತು ರೊಟ್ಟಿ ತಿಂದಿದ್ದ. ಮಗಳು ಸಂಘಮಿತ್ರಾ ಈಗ ಆಳಂದದಲ್ಲಿ ನರ್ಸ್. ಅವಳು ಚಿಕ್ಕವಳಿದ್ದಾಗ ಸುಡುಗಾಡಿನ ಹುಣಸೆ ಮರಕ್ಕೆ ಕರೆದೊಯ್ದು, ಅದರ ಕೆಳಗೆ ಕೂರಿಸಿ, ಕಾಯಿ ಬಡಿದು ತಿನ್ನಿಸಿದ್ದ. ದ್ರೌಪದಿಗೆ ಗಂಡನ ಈ ಧೈರ್ಯದ ಮೇಲೆ ಒಳಗೊಳಗೇ ಅಭಿಮಾನವಿತ್ತು.

ಆ ಸೀಮೆಯಲ್ಲಿ ಹಂಚಿನ ಮನೆಗಳೇ ಕಡಿಮೆ. ಹೊಸ ಹಂಚು ಬೇಕೆಂದರೆ ದೂರದಿಂದ ತರಿಸಬೇಕು. ಆಗಲೇ ಹತ್ತಿರದ ಸರಸಂಬಾ ಊರಿನಲ್ಲಿ ಕಲ್ಲಿನಾಥ ಎಂಬವರು ತಮ್ಮ ಹಳೆಯ ಮನೆ ಕೆಡವಿಸುತ್ತಿದ್ದಾರೆ, ಹಂಚು ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಕಲ್ಲಿನಾಥನ ಅಜ್ಜ ಸೊಲ್ಲಾಪುರದಲ್ಲಿ ಕಾಳಿನ ವ್ಯಾಪಾರ ಮಾಡಿ ಬಂದವನು. ಅಲ್ಲಿಯ ಬಂಗಲೆಗಳನ್ನು ನೋಡಿ ಆಸೆಪಟ್ಟು, ಹಂಚುಗಳನ್ನು ರೈಲಿನಲ್ಲಿ ತರಿಸಿ, ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ಹೇರಿಸಿ ಆ ಮನೆ ಕಟ್ಟಿಸಿದ್ದನಂತೆ.

ಗಂಡ ಹೆಂಡತಿ ಇಬ್ಬರೂ ನೋಡಲು ಹೋದರು. ಮನೆ ಊರ ಅಂಚಿನಲ್ಲಿತ್ತು. ಕಲ್ಲಿನಾಥ ಪಕ್ಕದಲ್ಲೇ ಸಿಮೆಂಟಿನ ಹೊಸ ಮನೆ ಕಟ್ಟಿಸಿಕೊಂಡು ಅದರಲ್ಲಿದ್ದ. ಹಳೆಯ ಮನೆಯ ಬಾಗಿಲು ತೆಗೆದಾಗ ಒಳಗಿನಿಂದ ಬಾವಲಿಗಳ ವಾಸನೆ ಬಂತು. ಪಡಸಾಲೆಯಲ್ಲಿ ಯಾರೋ ಊಟದ ನಡುವೆ ಎದ್ದು ಹೋದಂತೆ ಒಂದು ತಟ್ಟೆ, ಒಂದು ತಂಬಿಗೆ ಧೂಳು ಹಿಡಿದು ಕುಳಿತಿದ್ದವು. ಮೂಲೆಯ ಒಂದು ಕೋಣೆಗೆ ಮಾತ್ರ ಬೀಗ ಹಾಕಿತ್ತು. ಅಣ್ಣಾರಾಯ ಏಣಿ ಹತ್ತಿ ಒಂದು ಹಂಚು ಬಿಚ್ಚಿ, ಬೆರಳಿನಿಂದ ಬಡಿದು ನೋಡಿ, ಗಂಟೆಯ ಹಾಗೆ ಸಪ್ಪಳ ಮಾಡುತ್ತವೆ, ಇಂಥ ಮಾಲು ಈಗ ಸಿಗುವುದಿಲ್ಲ ಎಂದು ಹಿಗ್ಗಿದ. ಅಷ್ಟು ಹೊತ್ತೂ ಕಲ್ಲಿನಾಥನ ಹೆಂಡತಿ ಶಿವಕಾಂತಾ ಹೊಸ ಮನೆಯ ಹೊಸ್ತಿಲಲ್ಲಿ ನಿಂತು ಇವರನ್ನೇ ನೋಡುತ್ತಿದ್ದಳು. ಬರ್ರಿ ಎನ್ನಲಿಲ್ಲ, ಕೂಡ್ರಿ ಎನ್ನಲಿಲ್ಲ. ಹೊರಡುವಾಗ ಮಾತ್ರ ದ್ರೌಪದಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು.

"ಒಯ್ಯೂದಾದ್ರ ಎಲ್ಲಾ ಒಯ್ಯವ್ವಾ. ಒಂದೂ ಉಳಿಸಬ್ಯಾಡ."

ಆ ಮಾತು ಹೇಳಿದ ರೀತಿ ದ್ರೌಪದಿಗೆ ಹಿಡಿಸಲಿಲ್ಲ. ದಾರಿಯಲ್ಲಿ ಗಂಡನಿಗೆ ಹೇಳಿದಳು. ಹಳೆಯ ಮನೆ ಕೆಡವುವಾಗ ಹೆಂಗಸರ ಮನಸ್ಸು ಕೆಡುವುದು ಸಹಜ ಎಂದ ಅಣ್ಣಾರಾಯ, ನಾಡಿದ್ದು ಗಾಡಿ ಮಾಡಿಕೊಂಡು ಬರುವುದೆಂದು ನಿಶ್ಚಯಿಸಿದ.

ಮರುದಿನ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಮುದುಕಿ ಸುಂದರಬಾಯಿ ಹಂಚಿನ ಸುದ್ದಿ ಕೇಳಿ ತಂಬಿಗೆಯನ್ನು ಕೆಳಗಿಟ್ಟಳು. ಅವಳ ತಂಗಿಯನ್ನು ಕೊಟ್ಟದ್ದು ಸರಸಂಬಾಕ್ಕೇ. ಆ ಮನೆಯಲ್ಲಿ ಸೊಸೆಯಂದಿರು ಬಾಳುವುದಿಲ್ಲ, ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಹೋದರು, ಕೊನೆಯವಳು ಮೂಲೆಯ ಕೋಣೆಯ ಜಂತಿಗೆ ಸೀರೆ ಹಾಕಿಕೊಂಡಳು ಎಂದಳು. ಅದಾದ ಮೇಲೆ ಅಲ್ಲಿ ಯಾರೂ ಮಲಗಿಲ್ಲ, ನಡುಹಗಲಿನಲ್ಲೂ ಹಂಚಿನ ಮೇಲೆ ಯಾರೋ ಓಡಾಡಿದ ಸಪ್ಪಳವಾಗುತ್ತದೆ, ಅದಕ್ಕೇ ಪಕ್ಕದಲ್ಲಿ ಬೇರೆ ಮನೆ ಕಟ್ಟಿಸಿದರು ಎಂದೂ ಸೇರಿಸಿದಳು. ಗಬ್ಬದ ಎಮ್ಮೆಯ ನೆತ್ತಿಯ ಮೇಲೆ ಅದನ್ನು ತಂದು ಹಾಕುತ್ತೀರಾ ಎಂದು ಕೇಳಿದಳು.

ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಅಣ್ಣಾರಾಯ ಗಟ್ಟಿಯಾಗಿ ನಕ್ಕ. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳುವಂತೆ, ಸತ್ತವರು ಹಂಚಿನೊಳಗೆ ಕೂಡುವ ಹಾಗಿದ್ದರೆ ಈ ಊರಿನ ಒಂದು ಗೋಡೆಯೂ ನಿಲ್ಲುತ್ತಿರಲಿಲ್ಲ ಎಂದ. ಕೇಳಿದವರೂ ನಕ್ಕರು. ಸುಂದರಬಾಯಿ ಮಜ್ಜಿಗೆ ತೆಗೆದುಕೊಳ್ಳದೆ ಎದ್ದು ಹೋದಳು.

ಆದರೆ ನಾಡಿದ್ದು ಬಂದಾಗ ಅಣ್ಣಾರಾಯ ಗಾಡಿ ಹೂಡಿಸಲಿಲ್ಲ. ಹೊಲದಲ್ಲಿ ಪೈಪು ಒಡೆದಿದೆ ಎಂದ. ಆಮೇಲೆ ಗಾಡಿಯವನಿಗೆ ಪುರುಸೊತ್ತಿಲ್ಲ ಎಂದ. ಗಾಡಿಯವನು ಬಾಗಿಲಿಗೇ ಬಂದು ಯಾವಾಗ ಹೋಗೋಣ ಎಂದು ಕೇಳಿದಾಗ, ಹೊಟ್ಟೆ ಸರಿಯಿಲ್ಲ ಎಂದು ಒಳಗೆ ಹೋಗಿ ಮಲಗಿಕೊಂಡ. ಊಟಕ್ಕೆ ಕುಳಿತಾಗ ತುತ್ತು ಕೈಯಲ್ಲಿ ಹಿಡಿದು ಎತ್ತಲೋ ನೋಡುವುದನ್ನು ದ್ರೌಪದಿ ಗಮನಿಸಿದಳು. ಒಮ್ಮೆ ಏನೋ ಹೇಳಬೇಕೆಂಬಂತೆ ಅವಳ ಮುಖ ನೋಡಿದವನು, ನೀರು ಕೊಡು ಎಂದಷ್ಟೇ ಹೇಳಿದ.

ಅದೇ ವಾರದ ಒಂದು ಬೆಳಗ್ಗೆ ಮನೆಯ ಮುಂದೆ ಟಂಟಂ ಬಂದು ನಿಂತಿತು. ಅದರ ಮೇಲೆ ಹಗ್ಗ ಬಿಗಿದ ನೀಲಿ ಪತ್ರಾಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಅಣ್ಣಾರಾಯ ಹೆಂಡತಿಯ ಕಡೆ ನೋಡದೆ ಇಳಿಸಿಕೊಳ್ಳತೊಡಗಿದ.

"ಹಂಚು ಏನಾದ್ವು?" ಎಂದಳು ದ್ರೌಪದಿ.

"ಹಳೇವು ಅವು. ಒಂದು ಆಣಿಕಲ್ಲಿನ ಮಳಿಗಿ ಒಡದು ಚೂರಾಗ್ತಾವ."

"ಗಂಟಿ ಹಂಗ ಸಪ್ಪಳ ಮಾಡ್ತಾವ ಅಂತ ನೀವ ಅಂದಿದ್ರಿ."

ಅಣ್ಣಾರಾಯ ಬೆನ್ನು ತಿರುಗಿಸಿ ಮುಂದಿನ ಪತ್ರಾ ಇಳಿಸಿದ. ಆಗ ದ್ರೌಪದಿಗೆ ಎಲ್ಲವೂ ತಿಳಿಯಿತು. ಗ್ರಹಣದಲ್ಲಿ ನಡುಬೀದಿಯಲ್ಲಿ ನಿಂತ ತನ್ನ ಗಂಡ ಹೆದರಿದ್ದಾನೆ, ಹೆದರಿದ್ದೇನೆ ಎಂದು ಹೇಳಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು ಹೆದರಿದ್ದಾನೆ. ಬಾಯಿ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಆಡಿಬಿಟ್ಟರೆ ಈ ಮನುಷ್ಯ ತನ್ನೆದುರಿಗೆ ಮತ್ತೆ ತಲೆ ಎತ್ತಲಾರ ಎನ್ನಿಸಿತು. ಆಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ವೆಲ್ಡಿಂಗಿನ ಮುಕ್ರಮ ಬಂದು ಗೋಡೆ ನೋಡಿದ. ಮಣ್ಣಿನಲ್ಲಿ ಕಟ್ಟಿದ ಹಳೆಯ ಕಲ್ಲಿನ ಗೋಡೆ. ಕಬ್ಬಿಣದ ಪೈಪುಗಳನ್ನು ಅದರೊಳಗೆ ಹುಗಿದು ಸಿಮೆಂಟು ಹಾಕಿ, ಅದು ಬಿಗಿಯಾಗುವ ತನಕ ಬಿಟ್ಟು ಪತ್ರಾ ಕೂರಿಸಿದರೆ ಒಳ್ಳೆಯದು ಎಂದ. ಅಣ್ಣಾರಾಯನಿಗೆ ಕಾಯುವ ತಾಳ್ಮೆ ಇರಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ಹಂಚು ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು, ಸುಂದರಬಾಯಿ ತನ್ನ ಕಟ್ಟೆಯ ಮೇಲೆ ಕುಳಿತು ಸುಮ್ಮನೆ ನೋಡುತ್ತಿದ್ದಳು. ಇವತ್ತೇ ಮುಗಿಸು ಎಂದ. ಮುಕ್ರಮನೂ ಹೆಚ್ಚು ವಾದಿಸದೆ ಪೈಪುಗಳನ್ನು ಬರೀ ಮಣ್ಣಿನಲ್ಲೇ ಹುಗಿದು ಪತ್ರಾ ಕೂರಿಸಿದ. ಸದ್ಯಕ್ಕೆ ಮೇಲೆ ಕಲ್ಲು ಹೇರಿಬಿಡಿ, ನನ್ನ ಮನೆಯ ಮೇಲೂ ಅದೇ ಇದೆ, ಮಳೆಗಾಲಕ್ಕೆ ಮುಂಚೆ ಬಂದು ಸಿಮೆಂಟು ಹಾಕಿಕೊಡುತ್ತೇನೆ ಎಂದು ಹೇಳಿ ಹೋದ. ಬಿದ್ದ ಮಾಳಿಗೆಯ ಜೊತೆ ಉದುರಿದ್ದ ಕಲ್ಲುಗಳು ಅಲ್ಲೇ ಇದ್ದವು. ದ್ರೌಪದಿ ಕೆಳಗಿನಿಂದ ಒಂದೊಂದಾಗಿ ಎತ್ತಿ ಕೊಟ್ಟಳು, ಅಣ್ಣಾರಾಯ ಮೇಲೆ ಜೋಡಿಸಿದ. ಇನ್ನೊಂದಿಷ್ಟು ಇಡಿ, ಗಾಳಿ ದೊಡ್ಡದು ಎಂದವಳೂ ಅವಳೇ.

ಪತ್ರಾ ಕೂತ ಮೇಲೆ ಕೊಟ್ಟಿಗೆ ಬದಲಾಯಿತು. ಬಿಸಿಲೇರುತ್ತಿದ್ದಂತೆ ಮೇಲಿನಿಂದ ಟಕ್ ಟಕ್ ಎಂದು ಸಪ್ಪಳ ಶುರುವಾಗುತ್ತಿತ್ತು. ಕಾದ ತಗಡು ಹಿಗ್ಗುವ ಸಪ್ಪಳ ಅದು, ದ್ರೌಪದಿಗೆ ಗೊತ್ತಿತ್ತು. ಆದರೂ ಒಳಗೆ ಕಸ ಬಳಿಯುತ್ತಿರುವಾಗ, ಯಾರೋ ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ಹೆಜ್ಜೆ ಇಟ್ಟು ಹೋದಂತೆ ಕೇಳಿ ಅವಳ ಕೈ ನಿಲ್ಲುತ್ತಿತ್ತು. ಸ್ವಲ್ಪ ಗಾಳಿ ಬೀಸಿದರೆ ಸಾಕು, ಪತ್ರಾದ ಅಂಚು ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಎಮ್ಮೆ ಒಳಗೆ ಬರಲು ಒಲ್ಲೆ ಎನ್ನುತ್ತಿತ್ತು. ಹಗ್ಗ ಜಗ್ಗಿದರೆ ಮುಂಗಾಲು ಊರಿ, ಕಣ್ಣಗಲಿಸಿ ಮೇಲೆ ನೋಡುತ್ತಿತ್ತು. ಹಗಲೆಲ್ಲ ಅದನ್ನು ಬೇವಿನ ಮರದ ಕೆಳಗೆ ಕಟ್ಟಿ, ಕತ್ತಲಾಗುವ ಮುಂಚೆ ಒಳಗೆ ಎಳೆದು ತರಬೇಕಾಯಿತು. ಅಣ್ಣಾರಾಯ ಇದನ್ನೆಲ್ಲ ನೋಡುತ್ತಿದ್ದ, ಮಾತಾಡುತ್ತಿರಲಿಲ್ಲ. ಹಂಚು ಬೇಡವೆಂದು ಪತ್ರಾ ಹಾಕಿಸಿದವನು ಈಗ ಪತ್ರಾದ ಕೆಳಗೂ ಹೋಗುತ್ತಿರಲಿಲ್ಲ. ಮುಕ್ರಮನಿಗೆ ಫೋನು ಮಾಡಿದಾಗಲೆಲ್ಲ ಅವನು ಜೇವರ್ಗಿಯಲ್ಲಿ ಕೆಲಸ ಹಿಡಿದಿದ್ದೇನೆ, ಬರುತ್ತೇನೆ ಎನ್ನುತ್ತಿದ್ದ.

ಗಾಳಿ ಬಂದ ದಿನ ಮಧ್ಯಾಹ್ನವೇ ಎಮ್ಮೆಗೆ ನೋವು ಹತ್ತಿತು. ಬೇವಿನ ನೆರಳು ಸರಿದು ಹೋಗಿತ್ತು. ಎಮ್ಮೆ ತಾನಾಗಿಯೇ ಎದ್ದು ತೂರಾಡುತ್ತ ಕೊಟ್ಟಿಗೆಯೊಳಗೆ ಹೋಗಿ ಗೋಡೆಗೆ ಒರಗಿ ಬಿದ್ದುಕೊಂಡಿತು. ಕರುವಿನ ಮುಂಗಾಲು ಹೊರಗೆ ಕಾಣುತ್ತಿತ್ತು, ತಲೆ ಬರುತ್ತಿರಲಿಲ್ಲ. ದ್ರೌಪದಿ ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಗಂಡನನ್ನು ಕೂಗಿದಳು. ಅಣ್ಣಾರಾಯ ಬಾಗಿಲ ತನಕ ಬಂದು ಒಂದು ಗಳಿಗೆ ನಿಂತ. ಆಮೇಲೆ ತಲೆ ತಗ್ಗಿಸಿ ಒಳಗೆ ಬಂದು ಎಮ್ಮೆಯ ಕೊಂಬು ಹಿಡಿದು ಕುಳಿತ.

ಹೊರಗೆ ಬೆಳಕಿನ ಬಣ್ಣ ಬದಲಾದದ್ದು ಇಬ್ಬರಿಗೂ ತಿಳಿಯಲಿಲ್ಲ. ಬಾಗಿಲಿನಲ್ಲಿ ಅಂಗಳ ತಾಮ್ರದಂತೆ ಕೆಂಪಾಗಿ ಕಂಡಾಗ ದ್ರೌಪದಿ ತಲೆ ಎತ್ತಿದಳು. ಕಾಗೆ, ನಾಯಿ, ಯಾವುದರ ಸದ್ದೂ ಇರಲಿಲ್ಲ. ಮರುಕ್ಷಣವೇ ಗಾಳಿ ಬಂದು ಅಪ್ಪಳಿಸಿತು. ಬಾಗಿಲಿನಿಂದ ಒಳನುಗ್ಗಿದ ಧೂಳು ಕಣ್ಣು, ಬಾಯಿ ತುಂಬಿತು. ಮೇಲೆ ಪತ್ರಾ ಉಸಿರೆಳೆದುಕೊಂಡಂತೆ ಎದ್ದು, ಧಡ್ಡನೆ ಕೂತಿತು. ಮತ್ತೆ ಎದ್ದಿತು. ಈ ಸಲ ಅಂಚಿನಲ್ಲಿ ಆಕಾಶ ಕಾಣಿಸಿತು.

"ಬಿಡ್ರಿ ಅದನ್ನ, ಹೊರಗ ನಡೀರಿ," ಎಂದು ದ್ರೌಪದಿ ಗಂಡನ ತೋಳು ಹಿಡಿದು ಜಗ್ಗಿದಳು.

"ಕರು ಬಂತು ನೋಡ, ಎಳಿ ನೀ," ಎಂದ ಅಣ್ಣಾರಾಯ. ಎಷ್ಟೋ ದಿನಗಳ ಮೇಲೆ ಅವನ ದನಿಯಲ್ಲಿ ಮೊದಲಿನ ಗಟ್ಟಿತನವಿತ್ತು.

ಅವಳು ಎಳೆದಳು. ಕರು ಜಾರಿ ಅವಳ ಮಡಿಲಿಗೆ ಬಿತ್ತು. ಅದೇ ಹೊತ್ತಿಗೆ ಗೋಡೆಯಲ್ಲಿ ಹುಗಿದಿದ್ದ ಪೈಪು ಮಣ್ಣು ಸಮೇತ ಕಿತ್ತು ಬಂತು. ಪಡುವಣ ಬದಿಯ ಪತ್ರಾ ಬಾಗಿಲು ತೆರೆದ ಹಾಗೆ ಮೇಲಕ್ಕೆ ತೆರೆದುಕೊಂಡಿತು, ಅದರ ಮೇಲಿದ್ದ ಕಲ್ಲುಗಳು ಒಳಕ್ಕೆ ಉರುಳಿದವು. ಒಂದು ಎಮ್ಮೆಯ ಪಕ್ಕೆಯ ಬಳಿ ಬಿತ್ತು. ಇನ್ನೊಂದು, ಬಗ್ಗಿ ಕುಳಿತಿದ್ದ ಅಣ್ಣಾರಾಯನ ಬೆನ್ನಿನ ನಡುವೆ ಬಿತ್ತು. ಅವನು ಕೂಗಲೂ ಇಲ್ಲ. ಎಮ್ಮೆಯ ಕುತ್ತಿಗೆಯ ಮೇಲೆ ಮುಖವಿಟ್ಟು ಮಲಗಿಬಿಟ್ಟ. ಮೇಲಿನ ಪತ್ರಾಗಳೆಲ್ಲ ಬೇವಿನ ಮರವನ್ನು ಸವರಿಕೊಂಡು ತೊಗರಿ ಹೊಲಕ್ಕೆ ಹಾರಿ ಹೋದವು. ತೆರೆದ ಗೋಡೆಗಳ ನಡುವೆ ಮಳೆ ಸುರಿಯತೊಡಗಿತು.

ಕಲಬುರಗಿಯ ದೊಡ್ಡಾಸ್ಪತ್ರೆಯಲ್ಲಿ ಅವನು ಬಹಳ ದಿನ ಇದ್ದ. ಜೀವ ಉಳಿಯಿತು. ಸೊಂಟದ ಕೆಳಗೆ ಮಾತ್ರ ಅವನ ಮೈ ಅವನದಾಗಿ ಉಳಿಯಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿದೆ, ಇನ್ನು ಎದ್ದು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಸಂಘಮಿತ್ರಾ ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ವರಾಂಡದಲ್ಲಿ ಅತ್ತಳು. ಆದರೆ ಅಣ್ಣಾರಾಯ ಅದನ್ನು ಕೇಳಿದಾಗ ಆಶ್ಚರ್ಯಪಡಲಿಲ್ಲ. ತಾನು ಕಾಯುತ್ತಿದ್ದ ಸುದ್ದಿ ಬಂತೆಂಬಂತೆ ತಲೆ ಆಡಿಸಿದ. ಆಮೇಲೆ ಹೆಂಡತಿಯನ್ನು ಹತ್ತಿರ ಕರೆದ.

"ನಾ ಆ ಹಂಚು ಯಾಕ ಬ್ಯಾಡಂದೆ ಗೊತ್ತೇನು ನಿನಗ?"

"ಗೊತ್ತೈತ್ರಿ," ಎಂದಳು ದ್ರೌಪದಿ.

"ತರಲಿಲ್ಲ ನಾವು. ಬರೇ ಮುಟ್ಟಿ ಬಂದ್ವಿ. ಮುಟ್ಟಿದ್ದಕ್ಕ ಬೆನ್ನ ಹತ್ತಿ ಬಂತು ನೋಡು."

ದ್ರೌಪದಿ ಅವನ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಗಾಳಿ ಬಂತು, ಪೈಪಿಗೆ ಸಿಮೆಂಟು ಇರಲಿಲ್ಲ, ಕಲ್ಲು ಇಟ್ಟವರು ನಾವೇ ಎಂದು ಅವನಿಗೆ ಬಿಡಿಸಿ ಹೇಳಿದಳು. ಅವನು ಕೇಳಿಸಿಕೊಂಡ. ಕೇಳಿಸಿಕೊಂಡು, ಯಾರಿಗೂ ಹೇಳಬೇಡ, ಒಂದು ನಿಂಬೆಹಣ್ಣು ಮಂತ್ರಿಸಿ ತಾ, ತೋಳಿಗೆ ಕಟ್ಟಲು ಒಂದು ದಾರವನ್ನೂ ತಾ ಎಂದ. ಕಾಲು ಹೋದದ್ದಕ್ಕಿಂತ ಈ ಮಾತಿಗೆ ಸಂಘಮಿತ್ರಾ ಹೆಚ್ಚು ಕುಸಿದಳು. ಹುಣಸೆ ಮರದ ಕೆಳಗೆ ಕೂರಿಸಿ ತನಗೆ ಧೈರ್ಯ ಕಲಿಸಿದ ಅಪ್ಪ ಇವನೇನಾ ಎಂಬಂತೆ ಹಾಸಿಗೆಯ ಬಳಿ ನಿಂತು ನೋಡಿದಳು.

ಮಟಕಿಯಲ್ಲಿ ಸುಂದರಬಾಯಿ ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಊರೇ ಆಡಿಕೊಂಡಿತು. ಹಂಚಿಗೆ ಕೈ ಹಚ್ಚಿದವನಿಗೇ ಹೀಗಾದರೆ ತಂದಿದ್ದರೆ ಏನಾಗುತ್ತಿತ್ತು ಎಂದರು. ಅವನ ಜೊತೆ ನಕ್ಕಿದ್ದವರೇ ಈಗ ದ್ರೌಪದಿಯ ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಿದ್ದರು. ಎಮ್ಮೆ ಮತ್ತು ಕರುವನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಣ್ಣಾಳು ಬರುವುದನ್ನು ನಿಲ್ಲಿಸಿದಳು.

ದ್ರೌಪದಿ ಒಂದು ಬೆಳಗ್ಗೆ ಯಾರಿಗೂ ಹೇಳದೆ ಸರಸಂಬಾಕ್ಕೆ ಹೋದಳು. ಕೋಪವೋ, ಹಟವೋ ಅವಳಿಗೇ ತಿಳಿಯದು. ಆ ಮನೆಯಲ್ಲಿ ಏನಾಗಿತ್ತು ಎಂಬುದನ್ನು ಆ ಮನೆಯವರ ಬಾಯಿಂದಲೇ ಕೇಳಬೇಕಿತ್ತು. ಕಲ್ಲಿನಾಥ ಊರಲ್ಲಿರಲಿಲ್ಲ. ಹಂಚುಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು, ಯಾರೂ ಕೊಂಡಿರಲಿಲ್ಲ. ಶಿವಕಾಂತಾ ಅವಳನ್ನು ಗುರುತು ಹಿಡಿದಳು. ಅಣ್ಣಾರಾಯನಿಗೆ ಆದದ್ದು ಅವಳ ಕಿವಿಗೂ ಬಿದ್ದಿತ್ತು.

"ಅಕ್ಕಾರ, ನನಗ ಖರೇ ಹೇಳ್ರಿ. ಈ ಮನ್ಯಾಗ ಎಷ್ಟ ಮಂದಿ ಸತ್ತಾರ?" ಎಂದು ದ್ರೌಪದಿ ನೇರವಾಗಿ ಕೇಳಿದಳು.

ಶಿವಕಾಂತಾ ಬೀದಿಯ ಕಡೆ ಒಮ್ಮೆ ನೋಡಿ, ಅವಳನ್ನು ಹಳೆಯ ಮನೆಯ ಬೋಳು ಗೋಡೆಗಳ ಮರೆಗೆ ಕರೆದೊಯ್ದಳು.

"ಯಾರೂ ಸತ್ತಿಲ್ಲವ್ವಾ," ಎಂದಳು.

ಅವಳಿಗೆ ಇದ್ದದ್ದು ಒಬ್ಬನೇ ಮಗ, ಒಬ್ಬಳೇ ಸೊಸೆ. ಸೊಸೆಯ ಹೆಸರು ಭಾಗ್ಯಜ್ಯೋತಿ. ಮಗ ಕುಡಿದು ಬಂದು ಬಡಿಯುತ್ತಿದ್ದ. ಒಂದು ದಿನ ಊಟಕ್ಕೆ ಕುಳಿತವಳ ಕೂದಲಿಗೆ ಕೈ ಹಾಕಿದ. ಅವಳು ಎದ್ದವಳೇ ಕೈ ತೊಳೆದುಕೊಂಡು, ಮೂಲೆಯ ಕೋಣೆಯಿಂದ ಚೀಲ ತೆಗೆದುಕೊಂಡು, ಎಲ್ಲರ ಕಣ್ಣೆದುರೇ ಬಸ್ಸಿನ ದಾರಿ ಹಿಡಿದು ಹೋಗಿಬಿಟ್ಟಳು. ಹಿಂದೆ ತಿರುಗಿ ನೋಡಲಿಲ್ಲ. ಕಲ್ಲಿನಾಥ ಬಾಗಿಲಿನಲ್ಲಿ ನಿಂತು ಇವಳು ನಮ್ಮ ಪಾಲಿಗೆ ಸತ್ತಳು ಎಂದ. ಕೇಳಿದವರಿಗೆಲ್ಲ ಅದನ್ನೇ ಹೇಳಿದ. ಕೇಳಿದವರು ಇನ್ನೊಬ್ಬರಿಗೆ ಹೇಳಿದರು. ಸತ್ತಳು ಎಂಬುದು ಜಂತಿಗೆ ನೇಣು ಹಾಕಿಕೊಂಡಳು ಎಂದಾಯಿತು, ಒಬ್ಬಳು ಮೂವರಾದರು. ಮನೆಯವರು ಯಾರೂ ಅಲ್ಲಗಳೆಯಲಿಲ್ಲ. ಸೊಸೆ ಬಿಟ್ಟು ಹೋದಳು ಎನ್ನಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ದೆವ್ವ ಇದೆ ಎನ್ನಿಸಿಕೊಳ್ಳುವುದು ಅವರಿಗೆ ಹಗುರಾಗಿ ಕಂಡಿತ್ತು.

ಶಿವಕಾಂತಾ ಸೆರಗಿನ ಮರೆಯಿಂದ ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಲಾತೂರಿನಲ್ಲಿ ಒಂದು ಹೊಲಿಗೆ ಅಂಗಡಿಯ ಮುಂದೆ ದುಂಡು ಮುಖದ ಹೆಂಗಸೊಬ್ಬಳು ಕೊರಳಲ್ಲಿ ಟೇಪು ಹಾಕಿಕೊಂಡು ನಗುತ್ತಿದ್ದಳು. ಗಂಡನಿಗೆ ಗೊತ್ತಾಗದ ಹಾಗೆ ಆಗಾಗ ಮಾತಾಡುತ್ತೇನೆ, ಊರಲ್ಲಿ ಯಾರಿಗೂ ಹೇಳಬೇಡ, ಗೊತ್ತಾದರೆ ಮಗ ಅಲ್ಲಿಗೂ ಹುಡುಕಿಕೊಂಡು ಹೋಗುತ್ತಾನೆ ಎಂದಳು. ನಮ್ಮ ಮನೆಯವರಿಗೊಬ್ಬರಿಗೆ ಹೇಳುತ್ತೇನೆ, ಅವರ ಜೀವಕ್ಕೆ ಅದು ಬೇಕಾಗಿದೆ ಎಂದು ದ್ರೌಪದಿ ಬೇಡಿಕೊಂಡಳು. ಶಿವಕಾಂತಾ ಒಪ್ಪಿದಳು.

ಅಣ್ಣಾರಾಯನನ್ನು ಮನೆಗೆ ಕರೆತಂದ ದಿನ ದ್ರೌಪದಿ ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಹೇಳಿದಳು. ಫೋಟೋದಲ್ಲಿ ಕಂಡ ಮುಖ, ಕೊರಳಲ್ಲಿದ್ದ ಟೇಪು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಎದೆ ಹಗುರಾಯಿತು. ಗಂಡನ ಮುಖದ ಮೇಲಿನ ಆ ಕರಿನೆರಳು ಈಗ ಸರಿಯುತ್ತದೆ, ಇನ್ನೊಂದು ಮಾತಿಗೆ ಸರಿಯುತ್ತದೆ ಎಂದು ಕಾಯ್ದಳು.

ಅಣ್ಣಾರಾಯ ಕರುಣೆಯಿಂದ ಅವಳನ್ನು ನೋಡಿದ.

"ಹಂಚು ಮಾರೂ ಸಲುವಾಗಿ ಹಂಗ ಹೇಳ್ಯಾಳ ಆಕಿ. ಯಾರದೋ ಫೋಟೋ ತೋರಿಸ್ಯಾಳ. ನೀ ನಂಬಿದಿ."

ದ್ರೌಪದಿ ಕುಳಿತಲ್ಲೇ ತಣ್ಣಗಾದಳು. ಕಾರಣ ಕೇಳುವ ಅವನ ಹಳೆಯ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಅಷ್ಟೇ ಚುರುಕಾಗಿ, ಅಷ್ಟೇ ಹಟದಿಂದ ಅದು ಈಗ ಹೆದರಿಕೆಯ ಪರ ನಿಂತು ವಾದಿಸುತ್ತಿತ್ತು. ಅಂಥ ಮನುಷ್ಯನನ್ನು ಗೆಲ್ಲುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಮಳೆಗಾಲ ಹತ್ತಿರವಾಗುತ್ತಿತ್ತು. ಕೊಟ್ಟಿಗೆಗೆ ಸೂರಿರಲಿಲ್ಲ. ಹೊಲದಲ್ಲಿ ಮುದುಡಿ ಬಿದ್ದ ಪತ್ರಾ ಕೆಲಸಕ್ಕೆ ಬರುವಂತಿರಲಿಲ್ಲ, ಬಂದಿದ್ದರೂ ಅವಳು ಅದರ ಕೆಳಗೆ ಮತ್ತೆ ಪ್ರಾಣಿ ಕಟ್ಟುತ್ತಿರಲಿಲ್ಲ. ಅವಳು ಮಗಳೊಡನೆ ಮಾತಾಡಿ ಸರಸಂಬಾದ ಹಂಚನ್ನೇ ತರಿಸಿದಳು. ಒಂದೂ ಉಳಿಸದೆ ಎಲ್ಲವನ್ನೂ ತರಿಸಿದಳು. ಬಡಿಗ ದಶರಥ ಗೋಡೆ ಏರಿಸಿ, ಇಳಿಜಾರಿಗೆ ತಕ್ಕಂತೆ ಜಂತಿ, ಪಟ್ಟಿ ಬಿಗಿದು ಹಂಚು ಹೊದಿಸುತ್ತಿದ್ದಾಗ ಊರ ಜನ ದೂರದಲ್ಲಿ ಗುಂಪಾಗಿ ನಿಂತು ನೋಡಿದರು. ಅಣ್ಣಾರಾಯ ಆ ದಿನಗಳಲ್ಲಿ ಅನ್ನ ಮುಟ್ಟಲಿಲ್ಲ. ಬೇಡ ಎಂದು ಕೂಗಾಡಲೂ ಇಲ್ಲ. ಮಂಚವನ್ನು ಹಿತ್ತಲ ಬಾಗಿಲಿಗೆ ಹಾಕಿಸಿಕೊಂಡು, ಮೇಲೇರುತ್ತಿದ್ದ ಒಂದೊಂದು ಹಂಚನ್ನೂ ಕಣ್ಣು ಕದಲಿಸದೆ ನೋಡಿದ.

ಹಂಚಿನ ಕೆಳಗೆ ಕೊಟ್ಟಿಗೆ ತಂಪಾಗಿತ್ತು. ಎಮ್ಮೆ ಮರುಮಾತಿಲ್ಲದೆ ಒಳಗೆ ಹೋಗಿ ಮೆಲುಕು ಹಾಕುತ್ತ ಮಲಗಿತು, ಕರು ಅದರ ಬೆನ್ನಿಗೆ ಆತು ನಿದ್ದೆ ಮಾಡಿತು. ಆದರೆ ದ್ರೌಪದಿ ಹಾಲು ಹಿಂಡಲು ಒಳಗೆ ಹೋದಾಗಲೆಲ್ಲ ಅಣ್ಣಾರಾಯ ಮಂಚದಿಂದ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಅವಳು ಓಗೊಡುವ ತನಕ ಬಿಡುತ್ತಿರಲಿಲ್ಲ. ಓಗೊಟ್ಟರೆ ಸ್ವಲ್ಪ ತಡೆದು ಮತ್ತೆ ಕೂಗುತ್ತಿದ್ದ. ಆ ಹಾಲನ್ನು ಅವನು ಕುಡಿಯುತ್ತಿರಲಿಲ್ಲ. ಸಂಘಮಿತ್ರಾ ರಜೆಯಲ್ಲಿ ಬಂದು ಎಷ್ಟು ತಿಳಿಹೇಳಿದರೂ, ನಿನಗಿನ್ನೂ ವಯಸ್ಸಿಲ್ಲ, ಕೆಲವು ಸಂಗತಿ ಮೈಮೇಲೆ ಬಂದಾಗಲೇ ತಿಳಿಯುವುದು ಎಂದು ಅವಳ ತಲೆ ಸವರಿ ಕಳಿಸಿದ.

ಮುಂಗಾರು ಮಿರಗದ ಮೊದಲ ದೊಡ್ಡ ಮಳೆ ಹಿಡಿದದ್ದು ಒಂದು ಸಂಜೆಯ ಹೊತ್ತು. ದ್ರೌಪದಿ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದಳು. ಗಾಳಿ ಜೋರಾಗಿಯೇ ಬೀಸಿತು, ಹಂಚು ಒಂದೂ ಅಲುಗಲಿಲ್ಲ. ಮೇಲೆ ಮಳೆ ಬೀಳುವ ಸದ್ದು ಮಾತ್ರ ತುಂಬಿಕೊಂಡಿತ್ತು. ಅಣ್ಣಾರಾಯ ಕೂಗಿದ. ಅವಳು ಓಗೊಟ್ಟಳು. ಮಳೆಯಲ್ಲಿ ಕೇಳಿಸಲಿಲ್ಲವೇನೋ, ಮತ್ತೆ ಕೂಗಿದ. ಮತ್ತೆ ಓಗೊಟ್ಟಳು. ಕೂಗು ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತಿತು.

ಅವಳು ಚೆಂಬನ್ನು ಕೆಳಗಿಟ್ಟು ಕಿವಿಗೊಟ್ಟಳು. ಏನೂ ಕೇಳಲಿಲ್ಲ. ಎದ್ದು ಬಾಗಿಲಿಗೆ ಬಂದಳು. ಮಂಚ ಖಾಲಿ ಇತ್ತು. ಅಂಗಳದ ಕೆಸರಿನಲ್ಲಿ ಅಣ್ಣಾರಾಯ ಮೊಣಕೈ ಊರಿ, ಸತ್ತ ಕಾಲುಗಳನ್ನು ಎಳೆದುಕೊಂಡು ಕೊಟ್ಟಿಗೆಯ ಕಡೆಗೆ ತೆವಳಿ ಬರುತ್ತಿದ್ದ. ಅವಳನ್ನು ಅದರೊಳಗಿಂದ ಬಿಡಿಸಿ ತರಲು ಬರುತ್ತಿದ್ದ. ಹೊಸ್ತಿಲಿನ ಬಳಿ ಬಂದು ಅಲ್ಲೇ ಉಳಿದ. ಮುಖದ ಮೇಲೆ ಕೆಸರು, ಮಳೆ. ಒಂದು ಕೈ ಚಾಚಿ ಅವಳ ಸೀರೆಯ ಅಂಚು ಹಿಡಿದುಕೊಂಡ.

"ಹೊರಗ ಬಾ," ಎಂದ.

"ಒಳಗ ಬರ್ರಿ ನೀವು, ತೋಯ್ಸಿಕೊಳ್ಳಾಕತ್ತೀರಿ," ಎಂದು ಅವಳು ಅವನ ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದ. ಬದುಕಿದ್ದ ಅರ್ಧ ಮೈಯ ಬಲವೆಲ್ಲ ಆ ಕೈಯಲ್ಲಿತ್ತು. ಅವಳು ಜಗ್ಗಿದಷ್ಟೂ ಅವನ ಕಣ್ಣುಗಳು ಮೇಲಿನ ಹಂಚಿನ ಸಾಲನ್ನು ನೋಡಿ ಇನ್ನಷ್ಟು ಅಗಲವಾದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬಹುದಿತ್ತು. ಅವಳಿಂದ ಆಗಲಿಲ್ಲ.

ಕೈ ಬಿಟ್ಟಳು. ಹೊಸ್ತಿಲು ದಾಟಿ ಹೊರಗೆ ಬಂದು ಅವನ ಪಕ್ಕದಲ್ಲಿ ಕೆಸರಿನಲ್ಲೇ ಕುಳಿತು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗನ್ನು ಅವನ ಮುಖದ ಮೇಲೆ ಹಿಡಿದಳು. ಅವನು ನಡುಗುತ್ತಿದ್ದ. ಒಳಗೆ ಒಣ ನೆಲದ ಮೇಲೆ ಕರು ತಾಯಿಯ ಮೊಲೆಗೆ ಬಾಯಿ ಹಾಕಿ ಕುಡಿಯುತ್ತಿತ್ತು. ಮಳೆ ನಿಲ್ಲುವ ಲಕ್ಷಣ ಕಾಣಲಿಲ್ಲ.